ಕರೆಂಟ್ ಹೋಗಿ ಬರುವ ಊರಿಗೆ ಯಾವ ಕಟಿಂಗ್ ಮಷಿನ್?

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಮನೆಯಲ್ಲಿ ಕಬ್ಬಿಣದ ಕೆಲಸ ಇರುವುದು ವರ್ಷಕ್ಕೆ ಹೆಚ್ಚೆಂದರೆ ಹದಿನೈದು ದಿನ. ಮಳೆ ಮುಗಿದ ಮೇಲೆ ಗೇಟಿನ ತುಕ್ಕು ಕೆರೆಯಬೇಕು. ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ಮೊದಲು ಅದರ ಸ್ಟ್ಯಾಂಡ್ ಸರಿ ಮಾಡಬೇಕು. ಸೌದೆ ಕೊಟ್ಟಿಗೆಗೆ ನಾಲ್ಕು ಆಂಗಲ್, ಅಂದರೆ L ಆಕಾರದ ಕಬ್ಬಿಣದ ಪಟ್ಟಿ, ಕತ್ತರಿಸಬೇಕು. ಇಷ್ಟಕ್ಕೆ ವೆಲ್ಡಿಂಗ್‌ನವರನ್ನು ಕರೆದರೆ "ನಾಳೆ ಬರ್ತೇನೆ" ಅನ್ನುತ್ತಾರೆ. ಆ ನಾಳೆ ಹುತ್ತರಿ ಹಬ್ಬ ಕಳೆದ ಮೇಲೆ ಬಂದದ್ದೂ ಉಂಟು.

ಹಾಗಾಗಿ ಮೂರು ವರ್ಷದಲ್ಲಿ ಮೂರು ಆಂಗಲ್ ಗ್ರೈಂಡರ್, ಅಂದರೆ ಗಿರಗಿರ ತಿರುಗುವ ಚಕ್ರದಿಂದ ಕಬ್ಬಿಣ ಕತ್ತರಿಸುವ, ಉಜ್ಜುವ ಕೈಮಷಿನ್, ನನ್ನ ಕೈಯಲ್ಲಿ ಓಡಿವೆ. ನಮ್ಮ ಕಡೆ ಎಲ್ಲರೂ ಇದನ್ನು ಕಟಿಂಗ್ ಮಷಿನ್ ಅಂತಲೇ ಹೇಳುವುದು. ಮನೆಯಲ್ಲಿ ಗ್ರೈಂಡರ್ ಅಂದರೆ ಹಿಟ್ಟು ರುಬ್ಬುವುದು ಮಾತ್ರ. ಒಂದನೆಯದು 1,350 ರೂಪಾಯಿಗೆ ತಂದ, ಹೆಸರೇ ಕೇಳದ ಮಾಲು. ಎರಡನೆಯದು 2,850 ಕೊಟ್ಟು ತಂದ ಕಂಪನಿ ಮಷಿನ್. ಮೂರನೆಯದು ಪಕ್ಕದ ತೋಟದ ಅಣ್ಣನ ಬ್ಯಾಟರಿ ಮಷಿನ್. ಎರಡು ಬ್ಯಾಟರಿ, ಚಾರ್ಜರ್ ಎಲ್ಲ ಸೇರಿ ಅವರಿಗೆ ಎಂಟು ಸಾವಿರ ದಾಟಿತ್ತು. ಮೂರರ ಚಕ್ರವೂ ನಾಲ್ಕು ಇಂಚಿನದ್ದೇ. ಮನೆ ಕೆಲಸಕ್ಕೆ ಅದಕ್ಕಿಂತ ದೊಡ್ಡದು ಬೇಡ. ಐದು ಇಂಚಿನದ್ದು ಭಾರ ಜಾಸ್ತಿ. ನಾಲ್ಕು ಇಂಚಿನ ಚಕ್ರವಾದರೆ ಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ.

ಅಂಗಡಿಯಲ್ಲಿ ಮೊದಲು ತೋರಿಸುವುದು ವ್ಯಾಟ್. ಅಗ್ಗದ್ದರ ಮೇಲೆ 850 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. ಕಂಪನಿಯದ್ದರ ಮೇಲೆ 670. ನಾನೂ ಅದನ್ನೇ ನೋಡಿ ಮೊದಲ ಸಲ ಮೋಸ ಹೋದೆ. ವ್ಯಾಟ್ ಅಂದರೆ ಮಷಿನ್ ಎಳೆಯುವ ಕರೆಂಟಿನ ಲೆಕ್ಕ, ಚಕ್ರಕ್ಕೆ ಸಿಗುವ ಬಲದ ಲೆಕ್ಕ ಅಲ್ಲ. ಅದರಲ್ಲೂ ಅಗ್ಗದ ಮಾಲಿನ ಲೇಬಲ್ ಎಷ್ಟು ನಿಜವೋ ದೇವರಿಗೇ ಗೊತ್ತು. ಒಂದೇ ಪ್ಯಾಕೆಟಿನ ಚಕ್ರ ಎರಡಕ್ಕೂ ಹಾಕಿದೆ. 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಆಂಗಲ್ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿದೆ. ಕಂಪನಿಯದ್ದು ಮುಕ್ಕಾಲು ನಿಮಿಷದಲ್ಲಿ ತುಂಡು ಮಾಡಿತು. 850ರದ್ದು ಒಂದು ನಿಮಿಷ ದಾಟಿತು. ಸ್ವಲ್ಪ ಒತ್ತಿದರೆ ಸದ್ದು ಇಳಿದು ನಿಂತೇ ಹೋಗುವ ಹಾಗೆ ಆಗುತ್ತಿತ್ತು. ಸಂಜೆ ವೋಲ್ಟೇಜ್ ಬಿದ್ದಾಗಂತೂ ಕೇಳುವುದೇ ಬೇಡ.

ಆದರೆ ನಾನು ಅದನ್ನು ಮೊದಲ ಸಲ ಮೂಲೆಗೆ ಹಾಕಿದ್ದು ನಿಧಾನ ಅಂತ ಅಲ್ಲ. ಸ್ವಿಚ್ಚಿಗೆ ಹೆದರಿ.

ಅದರ ಬಗಲಲ್ಲಿ ಮುಂದೆ ತಳ್ಳಿದರೆ ಕೂತುಬಿಡುವ ಜಾರು ಸ್ವಿಚ್. ಒಮ್ಮೆ ಆನ್ ಆದರೆ ನಾವೇ ಹಿಂದೆ ಎಳೆಯುವವರೆಗೆ ಆನ್. ಅಕ್ಟೋಬರ್‌ನ ಒಂದು ಮಧ್ಯಾಹ್ನ ಹಳೇ ಗೇಟಿನ ಕಂಬಿ ಕತ್ತರಿಸುತ್ತಿದ್ದೆ. ಕರೆಂಟ್ ಹೋಯಿತು. ಲೈನಿನ ಮೇಲೆ ಎಲ್ಲೋ ಕೊಂಬೆ ಬಿದ್ದಿರಬೇಕು, ಇನ್ನು ಸಂಜೆಯವರೆಗೆ ಇಲ್ಲ ಅಂದುಕೊಂಡೆ. ಮಷಿನ್ ಅನ್ನು ಬೆಂಚಿನ ಮೇಲಿಟ್ಟು ಕಾಫಿಗೆ ಒಳಗೆ ಹೋದೆ. ಸ್ವಿಚ್ ಎಳೆಯಲಿಲ್ಲ, ಪ್ಲಗ್ಗೂ ತೆಗೆಯಲಿಲ್ಲ. ತಪ್ಪು ನನ್ನದೇ. ಹತ್ತೇ ನಿಮಿಷಕ್ಕೆ ಕರೆಂಟ್ ಬಂತು. ಹೊರಗೆ ಕಿರ್ರೋ ಅಂತ ಸದ್ದು. ಓಡಿ ಹೋಗಿ ನೋಡಿದರೆ ಮಷಿನ್ ಬೆಂಚಿನಿಂದ ಹಾರಿ ಕೆಳಗೆ ಬಿದ್ದು, ತನ್ನ ವಯರನ್ನೇ ಕಚ್ಚಿಕೊಂಡು ಗಿರಗಿರ ತಿರುಗುತ್ತಿದೆ. ಆ ಬೆಂಚಿನ ಕೆಳಗೆ ದಿನಾ ಮಲಗುವ ನಾಯಿ ಅವತ್ತು ಅದೃಷ್ಟಕ್ಕೆ ಅಡುಗೆಮನೆ ಬಾಗಿಲಲ್ಲಿತ್ತು. ನಿಮಿಷಕ್ಕೆ 11,000 ಸುತ್ತು ತಿರುಗುವ ಚಕ್ರ ಅದು.

ಕರೆಂಟ್ ಹೋಗಿ ಬಂದರೂ ತಾನಾಗಿ ಶುರುವಾಗದ ವ್ಯವಸ್ಥೆ ಇರುವ ಮಷಿನ್‌ಗಳು ಉಂಟು. ಆದರೆ ಅಗ್ಗದವುಗಳಲ್ಲಿ ಅದನ್ನು ಹುಡುಕಬೇಡಿ. ಅದರ ಬದಲು ಹೊಟ್ಟೆಯ ಕೆಳಗೆ ಉದ್ದ ಪಟ್ಟಿಯಂಥ ಸ್ವಿಚ್ ಇರುವುದನ್ನು ಕೇಳಿ. ಒತ್ತಿ ಹಿಡಿದರೆ ಓಡುತ್ತದೆ, ಕೈ ಬಿಟ್ಟರೆ ನಿಲ್ಲುತ್ತದೆ. ನನ್ನ ಎರಡನೆಯದು ಅಂಥದ್ದು. ಕೈ ಬಿಟ್ಟ ಮೇಲೂ ಚಕ್ರ ಕೆಲವು ಸೆಕೆಂಡ್ ತಿರುಗುತ್ತದೆ, ಅದು ನೆನಪಿರಲಿ. ಸ್ವಿಚ್ ಒತ್ತಿ ಹಿಡಿದೇ ಅರ್ಧ ಗಂಟೆ ವಯರ್ ಬ್ರಷ್ ಹಾಕಿ ತುಕ್ಕು ತೆಗೆದರೆ ಬೆರಳು ಮರಗಟ್ಟುವುದು ನಿಜ. ಆ ನೋವು ನನಗೆ ಒಪ್ಪಿಗೆ. ಕೆಲವದರಲ್ಲಿ ಈ ಪಟ್ಟಿಯನ್ನೂ ಲಾಕ್ ಮಾಡುವ ಗುಂಡಿ ಇರುತ್ತದೆ. ಹಾಗಾಗಿ ಅಂಗಡಿಯಲ್ಲೇ ಒತ್ತಿ ನೋಡಿ ತೆಗೆದುಕೊಳ್ಳಿ.

ಇನ್ನು ಕಾರ್ಬನ್. ಇಂಥ ವಯರಿನ ಮಷಿನ್‌ಗಳಲ್ಲಿ ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ, ಸವೆಯಲೆಂದೇ ಇಟ್ಟ ಎರಡು ಸಣ್ಣ ಕಾರ್ಬನ್ ತುಂಡು ಇರುತ್ತವೆ. ಅಗ್ಗದ್ದರ ವಯರ್ ಬದಲಿಸಿ ಮತ್ತೆ ಓಡಿಸಿದೆ, ಜಿಪುಣತನ ಅಷ್ಟು ಬೇಗ ಬಿಡುತ್ತದಾ? ಸ್ವಲ್ಪ ದಿನಕ್ಕೆ ಕಾರ್ಬನ್ ಸವೆಯಿತು. ಮಡಿಕೇರಿಯಲ್ಲಿ ಹುಡುಕಿದೆ, ಕುಶಾಲನಗರದಲ್ಲಿ ಹುಡುಕಿದೆ. ಅದರ ಅಳತೆಯದ್ದು ಸಿಗಲೇ ಇಲ್ಲ. ಬೇರೆ ದಪ್ಪದ್ದನ್ನು ಅರದಿಂದ ತಿಕ್ಕಿ ಕೂರಿಸಿದೆ. ಒಂದು ತಿಂಗಳು ಓಡಿತು. ಆಮೇಲೆ ಒಳಗೆ ನೀಲಿ ಕಿಡಿ, ಸುಟ್ಟ ವಾಸನೆ, ಮೋಟರಿನೊಳಗೆ ತಿರುಗುವ ತಂತಿ ಸುತ್ತಿದ ಭಾಗ, ಆರ್ಮೇಚರ್, ಢಮಾರ್. ರಿವೈಂಡಿಂಗಿಗೆ ಕೇಳಿದರೆ ಹೆಚ್ಚುಕಡಿಮೆ ಮಷಿನ್ ತಂದ ದುಡ್ಡೇ ಹೇಳಿದರು. ಕಂಪನಿಯದ್ದಕ್ಕೆ ಕಾರ್ಬನ್ ಕೌಂಟರಿನಲ್ಲೇ ಸಿಕ್ಕಿತು. ಸ್ಕ್ರೂ ಬಿಚ್ಚಿ ಹಾಕಲು ಐದು ನಿಮಿಷ.

ಬ್ಯಾಟರಿ ಮಷಿನ್ ಬಗ್ಗೆ ನನಗೆ ಹೊಟ್ಟೆಕಿಚ್ಚು ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೋದ ವರ್ಷ ತೋಟದ ಕೆಳಗಿನ ಮೂಲೆಯಲ್ಲಿ ಆನೆ ಬಂದು ಬೇಲಿಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳನ್ನು ಬಗ್ಗಿಸಿ ಹೋಗಿತ್ತು. ಅಲ್ಲಿಗೆ ಕರೆಂಟ್ ಎಳೆಯುವುದು ಕನಸು. ಅಣ್ಣನ ಮಷಿನ್ ಹೆಗಲಿಗೆ ಹಾಕಿಕೊಂಡು ಹೋಗಿ ಒಂದೇ ಬೆಳಿಗ್ಗೆ ಎಲ್ಲ ಕತ್ತರಿಸಿ ಬಂದೆ. ಜಿಐ ಪೈಪಿನ ಸತುವಿನ ಹೊಗೆ ಒಳ್ಳೆಯದಲ್ಲ, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತು ಕತ್ತರಿಸಬೇಕು. ತೆಳ್ಳಗಿನ ಪೈಪಿಗೆ ಬ್ಯಾಟರಿ ಚೆನ್ನಾಗಿ ಬಾಳಿಕೆ ಬಂತು. ಅದೇ ದಪ್ಪ ಆಂಗಲ್‌ಗೆ ಹಿಡಿದಾಗ ಒಂಬತ್ತು ತುಂಡಿಗೆ ಖಾಲಿ. ಲೆಕ್ಕ ಹಾಕಿದರೆ ಸರಿಯೇ ಇದೆ. 18 ವೋಲ್ಟ್, 4 ಆಂಪಿಯರ್ ಅವರ್ ಅಂದರೆ 72 ವ್ಯಾಟ್ ಅವರ್. 600 ವ್ಯಾಟ್ ಎಳೆದರೆ ಏಳು ನಿಮಿಷ, ತುಂಡಿಗೆ ಮುಕ್ಕಾಲು ನಿಮಿಷದ ಹಾಗೆ ಒಂಬತ್ತು ತುಂಡು. ವರ್ಷಕ್ಕೆ ಹದಿನೈದು ದಿನದ ಕೆಲಸಕ್ಕೆ ಎಂಟು ಸಾವಿರ ಹಾಕಿ, ಮಳೆಗಾಲವಿಡೀ ಬ್ಯಾಟರಿಯನ್ನು ಸುಮ್ನೆ ಕೂರಿಸಲು ನನಗೆ ಮನಸ್ಸಿಲ್ಲ. ಡ್ರಿಲ್ಲಿಗೂ ಮರ ಕತ್ತರಿಸುವ ಗರಗಸಕ್ಕೂ ಅದೇ ಬ್ಯಾಟರಿ ಹಾಕುವವರ ಲೆಕ್ಕ ಬೇರೆ.

ವಯರಿನ ಮಷಿನ್ ಕೊಂಡರೆ ಎಕ್ಸ್‌ಟೆನ್ಷನ್‌ಗೂ ಸ್ವಲ್ಪ ದುಡ್ಡು ಎತ್ತಿಡಿ. ಗೇಟು ನಮ್ಮ ಮನೆಯಿಂದ ಮೂವತ್ತು ಮೀಟರ್ ದೂರ. ಟಿವಿಗೆ ಹಾಕುವ ತೆಳು ವಯರಿನಲ್ಲಿ ಎಳೆದರೆ ವೋಲ್ಟೇಜ್ ದಾರಿಯಲ್ಲೇ ಸೋರಿಹೋಗುತ್ತದೆ. ನಾನು 2.5 ಚದರ ಮಿ.ಮೀ. ವಯರ್ ಹಾಕಿಸಿದ್ದೇನೆ. ಸುರುಳಿ ಪೂರ್ತಿ ಬಿಚ್ಚಿಯೇ ಬಳಸಬೇಕು, ಇಲ್ಲದಿದ್ದರೆ ಬಿಸಿಯಾಗುತ್ತದೆ.

ನಮ್ಮ ಜಿಲ್ಲೆಯವರು ಚಕ್ರದ ವಿಷಯದಲ್ಲಿ ಜಾಸ್ತಿ ಹುಷಾರಾಗಿರಬೇಕು. ಕಬ್ಬಿಣ ಕತ್ತರಿಸುವ ತೆಳು ಚಕ್ರದಲ್ಲಿ ಹರಳುಗಳನ್ನು ಹಿಡಿದಿಡುವುದು ಒಂದು ಬಗೆಯ ಅಂಟು. ತೇವ ತಾಗಿದರೆ ಅದು ಬಲ ಕಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮನೆಯಲ್ಲಿ ಚಕ್ರವನ್ನು ಮೊಳೆಗೆ ನೇತುಹಾಕಿದರೆ ಕೇಳಬೇಕಾ? ನಡುವಿನ ಲೋಹದ ಬಳೆಯ ಮೇಲೆ ಕೊನೆಯ ದಿನಾಂಕ ಒತ್ತಿರುತ್ತಾರೆ, ಕೊಳ್ಳುವಾಗಲೇ ನೋಡಿ. ನಾನು ಬಿಗಿ ಮುಚ್ಚಳದ ಬಿಸ್ಕತ್ ಡಬ್ಬಿಯಲ್ಲಿ ಇಡುತ್ತೇನೆ. ಬಿರುಕು ಕಂಡರೆ, ಅಂಚು ಒಡೆದಿದ್ದರೆ ಸೀದಾ ಕಸಕ್ಕೆ. ಚಕ್ರಕ್ಕೆ ಅಡ್ಡ ಇರುವ ಗಾರ್ಡ್ ಬಿಚ್ಚಿ ದೊಡ್ಡ ಚಕ್ರ ಹಾಕುವುದು, ಮರ ಕೊಯ್ಯಲು ಹಲ್ಲಿನ ಬ್ಲೇಡ್ ಹಾಕುವುದು, ಎರಡನ್ನೂ ಮಾಡುವವರನ್ನು ನೋಡಿದ್ದೇನೆ. ನಾನು ಆ ಅಂಗಳದಲ್ಲಿ ನಿಲ್ಲುವುದೂ ಇಲ್ಲ. ಕನ್ನಡಕ ಇಲ್ಲದೆ ಸ್ವಿಚ್ ಮುಟ್ಟಬೇಡಿ. ಕಿಡಿ ಹಾರುವ ಕಡೆ ಜೀಪ್ ನಿಲ್ಲಿಸಬೇಡಿ. ಗಾಜಿಗೆ ಅಂಟಿದ ಕಿಡಿ ತೊಳೆದರೆ ಹೋಗುವುದಿಲ್ಲ.

ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಎರಡು ದಿನ ಮೊದಲು ಕತ್ತಿಗಳನ್ನೆಲ್ಲ ಇದರಲ್ಲೇ ಮಸೆದುಬಿಡೋಣ ಅಂತ ಹೊರಟಿದ್ದೆ. ಚಕಚಕ ಆಯಿತು. ಆದರೆ ಅಂಚು ನೀಲಿ ಬಣ್ಣಕ್ಕೆ ತಿರುಗಿತು. ಅಷ್ಟು ಬಿಸಿಯಾದರೆ ಉಕ್ಕಿನ ಹದ ಹೋಯಿತು ಅಂತಲೇ ಅರ್ಥ. ಪೂಜೆಗೇನೋ ಇಟ್ಟೆವು. ಮರುವಾರ ಕಾಡು ಸವರಲು ಹೋದಾಗ ಕತ್ತಿಯ ಅಂಚು ಬೆಣ್ಣೆಯ ಹಾಗೆ ಮೆತ್ತಗೆ. ಮಾವ ನೋಡಿ, "ಸಾಣೆಕಲ್ಲು ಎಲ್ಲಿಗೆ ಹೋಯ್ತು ಮಾರಾಯ?" ಅಂದರು.

ಅಣ್ಣನಿಗೆ ದಪ್ಪ ಕಬ್ಬಿಣದ ಕೆಲಸ ಬಂದರೆ ಈಗ ನನ್ನ ವಯರಿನ ಮಷಿನ್ ಒಯ್ಯುತ್ತಾರೆ. ಬೇಲಿ ಕೆಲಸಕ್ಕೆ ನಾನು ಅವರದ್ದು ತರುತ್ತೇನೆ. ಚಕ್ರ ಮಾತ್ರ ಅವರವರದ್ದೇ.