ವಿಜಯಪುರದ ಬೇಸಿಗೆಗೆ ಎಸಿಯೋ ಕೂಲರೋ?

ನನ್ನ ಮತ ಕೂಲರ್‌ಗೆ. ಹಿಂದಿನ ಬಾಡಿಗೆ ಮನೆಯಲ್ಲಿ ಮಾಲೀಕರೇ ಹಾಕಿಸಿದ್ದ ಒಂದೂವರೆ ಟನ್ನಿನ ಎಸಿ ಇತ್ತು. ಜಲನಗರದ ಈ ಮನೆಗೆ ಬಂದ ಮೇಲೆ ಕೂಲರ್ ಕೊಂಡೆ. ಎರಡೂ ಮೇಲ್ಮಹಡಿಯ ಮನೆಗಳೇ, ಹಗಲಿಡೀ ಕಾದ ಆರ್‌ಸಿಸಿ ಛಾವಣಿ ನಡುರಾತ್ರಿಯವರೆಗೂ ಝಳ ಬಿಡುವಂಥವು.

ತಂಪಿನ ವಿಷಯದಲ್ಲಿ ಎಸಿಯೇ ಮೇಲು, ವಾದವಿಲ್ಲ. ಆದರೆ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯಲ್ಲಿರುವುದನ್ನೇ ಮತ್ತೆ ಮತ್ತೆ ತಣಿಸುತ್ತದೆ. ನಾಲ್ವರು ಬಾಗಿಲು ಹಾಕಿಕೊಂಡು ಮಲಗಿದರೆ ಉಸಿರಿನ ಇಂಗಾಲದ ಡೈಆಕ್ಸೈಡ್ ಒಳಗೇ ಏರುತ್ತದೆ. ಬೆಳಗ್ಗೆ ಏಳುವಾಗ ತಲೆ ಭಾರ, ಜೊತೆಗೆ ರಾತ್ರಿಯ ಒಗ್ಗರಣೆಯ ವಾಸನೆ. ಕೂಲರ್ ಕಿಟಕಿಯಿಂದ ಹೊಸ ಗಾಳಿಯನ್ನು ನೀರಲ್ಲಿ ತೊಯ್ದ ಪ್ಯಾಡ್‌ನ ಮೂಲಕ ಎಳೆಯುತ್ತದೆ. ಎದುರಿನ ಕಿಟಕಿ ಮಾತ್ರ ಅರ್ಧ ತೆರೆದಿರಬೇಕು. ಎಸಿಯ ರೂಢಿಯಲ್ಲಿ ಎಲ್ಲ ಮುಚ್ಚಿದರೆ ತೇವ ಒಳಗೇ ನಿಂತು ಹಾಸಿಗೆಯೂ ಜಿಗುಟಾಗುತ್ತದೆ. 40 ಡಿಗ್ರಿ ದಾಟುವ ನಮ್ಮ ಒಣ ಬಿಸಿಲಿಗೆ ಇದು ಹೇಳಿ ಮಾಡಿಸಿದ ಯಂತ್ರ. ಒಂದು ಲೀಟರ್ ನೀರು ಆವಿಯಾಗುವಾಗ ಹೀರುವ ಶಾಖ ಸುಮಾರು 0.67 ಯೂನಿಟ್ ಕರೆಂಟಿಗೆ ಸಮ!

ತಲೆನೋವೆಂದರೆ ನೀರು. ನಮ್ಮದು ಬೋರ್‌ವೆಲ್‌ನ ಗಡಸು ನೀರು. ನೀರು ಆವಿಯಾಗಿ ಹೋದರೂ ಅದರಲ್ಲಿರುವ ಲವಣ ಹೋಗುವುದಿಲ್ಲ. ಮೇಲಿನಿಂದ ಮತ್ತೆ ನೀರು ತುಂಬಿದಷ್ಟೂ ತೊಟ್ಟಿಯ ನೀರು ಗಡಸಾಗುತ್ತಲೇ ಹೋಗುತ್ತದೆ. ಜೇನುಗೂಡಿನಂಥ ಪ್ಯಾಡ್‌ನ ಅಂಚಿಗೆ ಮೊದಲು ಸುಣ್ಣದ ಗೆರೆ, ಆಮೇಲೆ ಉಗುರಿನಿಂದ ಕೆರೆದರೂ ಏಳದ ಹೊಪ್ಪಳಿಕೆ. ಪಂಪಿನ ಜಾಲರಿ ಕಟ್ಟಿಕೊಂಡರೆ ಪ್ಯಾಡ್ ಅರ್ಧ ಒಣಗಿ, ಆ ಕಡೆಯಿಂದ ಬಿಸಿಗಾಳಿಯೇ ಬರುತ್ತದೆ.

ಅಂಗಡಿಯವರು ಪ್ಯಾಡ್ ಬದಲಿಸಿ ಎಂದರು. ಅವರಿಗೇನು, ಮಾರುವುದೇ ಕೆಲಸ! ನಾನು ವಾರಕ್ಕೊಮ್ಮೆ ತೊಟ್ಟಿಯ ಬಿರಡೆ ಬಿಚ್ಚಿ ಪೂರ್ತಿ ಖಾಲಿ ಮಾಡುತ್ತೇನೆ. ಸೊಳ್ಳೆ ಮೊಟ್ಟೆ ಇಟ್ಟರೂ ಮರಿ ಬೆಳೆದು ಹಾರುವುದಕ್ಕೆ ಆಗ ಅವಕಾಶವಿಲ್ಲ. ಪಂಪಿನ ಜಾಲರಿಯನ್ನು ಇಂಡಿ ಲಿಂಬೆಯ ರಸ ಬೆರೆಸಿದ ನೀರಿನಲ್ಲಿ ನೆನೆಹಾಕಿದರೆ ನೊರೆಯೆದ್ದು ಸುಣ್ಣ ಬಿಡುತ್ತದೆ. ನಲ್ಲಿಯ ಹೊಳೆನೀರು ಬಂದ ದಿನ ಒಂದೆರಡು ಕೊಡ ಕೂಲರ್‌ಗೇ ಮೀಸಲು. ಮನೆಯವಳ ಗೊಣಗಾಟ ಬೇರೆ ಮಾತು.

ಸದ್ದು ಎಸಿಯದೇ ಕಡಿಮೆ. ಕರೆಂಟ್ ಹೋದಾಗ ಕೂಲರ್ ಮನೆಯ ಇನ್ವರ್ಟರ್ ಮೇಲೆಯೇ ಓಡುತ್ತದೆ, ಎಸಿಗೆ ಆ ಭಾಗ್ಯವಿಲ್ಲ.

ಮಳೆ ಹಿಡಿದರೆ ಕೂಲರ್‌ನ ಪಂಪು ನಿಲ್ಲಿಸಿ ಬರೀ ಫ್ಯಾನ್ ಹಾಕುತ್ತೇನೆ. ಧೂಳಿಗೆ ಕೆಮ್ಮುವವರಿದ್ದರೆ, ರಸ್ತೆ ಬದಿಯ ಮನೆಯಾದರೆ, ಎಸಿಯೇ ಲೇಸು. ಮಂಗಳೂರಿನಲ್ಲಿರುವ ತಂಗಿ ತನಗೂ ಕೂಲರ್ ನೋಡು ಎಂದಾಗ ಬೇಡವೆಂದೆ: ಅಲ್ಲಿಯ ಗಾಳಿ ಮೊದಲೇ ನೀರು ಕುಡಿದಿರುತ್ತದೆ, ಪ್ಯಾಡಿನ ನೀರು ಆರುವುದೆಲ್ಲಿ?