ಬರ್ನ್‌ಔಟ್ ಪ್ಯಾಕೇಜು: ಕಡುಬಿಗೆ ಐದು ಸ್ಟಾರ್, ಪ್ಯಾಕೇಜಿಗೆ ಎರಡು

ಸಕಲೇಶಪುರದ ಹತ್ತಿರದ ಒಂದು ಹೋಮ್‌ಸ್ಟೇ. ಹೆಸರು ಬೇಡ, ಮನೆಯವರು ಒಳ್ಳೆಯ ಜನ. ‘ಬರ್ನ್‌ಔಟ್ ರಿಕವರಿ’, ಅಂದರೆ ಕೆಲಸದ ಒತ್ತಡಕ್ಕೆ ಬಸವಳಿದವರು ಚೇತರಿಸಿಕೊಳ್ಳೋ ಪ್ಯಾಕೇಜು ಅಂತ, ಮೂರು ದಿನಕ್ಕೆ 14,500 ರೂಪಾಯಿ.

ಹೋಗುವಾಗ ನನ್ನ ಕತೆ ಹೇಗಿತ್ತು ಅಂದರೆ, ಎಂಟು ಗಂಟೆ ಮಲಗಿದರೂ ಸುಸ್ತು, ಟೀಮಿನವರು ಯಾರಾದರೂ ‘ಒಂದ್ನಿಮಿಷ’ ಅಂದರೆ ಸಾಕು ಮೈಯೆಲ್ಲ ಉರಿ, ಜೊತೆಗೆ ಆರು ವರ್ಷದಿಂದ ಮಾಡಿದ ಕೆಲಸವೇ ನನಗೆ ಬರಲ್ವೇನೋ ಅನ್ನೋ ಅನುಮಾನ. ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್‌ಗೆ ಹೇಳುವುದೂ ಹೆಚ್ಚುಕಮ್ಮಿ ಈ ಮೂರನ್ನೇ.

ಊಟದ ಬಗ್ಗೆ ಎರಡು ಮಾತಿಲ್ಲ. ಬಿಸಿ ಕಡುಬು, ಕಳಲೆ ಪಲ್ಯ, ತುಪ್ಪ ಹಾಕಿದ ಅಕ್ಕಿ ರೊಟ್ಟಿ. ಜುಲೈ ಮಳೆ, ಫೋನಿಗೆ ಸಿಗ್ನಲ್ ಇಲ್ಲ. ಮೊದಲ ದಿನ ಹದಿನಾಲ್ಕು ಗಂಟೆ ನಿದ್ದೆ ಮಾಡಿದೆ. ಮನೆಯ ಅಮ್ಮ ಬಂದು ‘ಹುಷಾರಿದ್ದೀಯಾ ಮಗಾ?’ ಅಂತ ಬಾಗಿಲು ತಟ್ಟಿದರು.

ಎರಡನೇ ದಿನ ಬೆಂಗಳೂರಿಂದ ಒಬ್ಬ ಕೋಚ್ ಬಂದರು. ನಲವತ್ತು ನಿಮಿಷ ಉಸಿರಾಟ, ಆಮೇಲೆ ‘ನಿಮಗೆ ಖುಷಿ ಕೊಡುವ ಹತ್ತು ವಿಷಯ ಬರೀರಿ’. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ‘ಇದೊಂದು ಕಾಯಿಲೆ, ಮೂರು ದಿನಕ್ಕೆ ವಾಸಿ’ ಅಂದುಬಿಟ್ಟರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಇದು ಕಾಯಿಲೆ ಅಲ್ಲ, ಕೆಲಸದ ಜಾಗದ ಒತ್ತಡ ಸರಿಹೋಗದೆ ಹಾಗೇ ಉಳಿದರೆ ಬರುವ ಸ್ಥಿತಿ ಅಂತ. ಕಾರಣ ಆಫೀಸಿನಲ್ಲಿ, ಚಿಕಿತ್ಸೆ ಕಾಫಿ ತೋಟದಲ್ಲಿ. ಒಡೆದ ಹೆಂಚು ಹಾಗೇ ಬಿಟ್ಟು ನೆಲ ಒರೆಸಿದ ಹಾಗಾಯಿತು, ಅಲ್ವಾ?

ವಾಪಸ್ ಕೆಲಸಕ್ಕೆ ಬಂದ ಸೋಮವಾರ ಚೆನ್ನಾಗಿತ್ತು. ಬುಧವಾರ ರಾತ್ರಿ ಎರಡಕ್ಕೆ ಸರ್ವರ್ ಅಲರ್ಟ್ ಬಂತು, ಹೊಟ್ಟೆಯಲ್ಲಿ ಅದೇ ಹಳೇ ಸಂಕಟ.

ಆಮೇಲೆ ಗೆಳತಿ ಹೇಳಿದಳು ಅಂತ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆಪ್ತಸಮಾಲೋಚಕಿ ಉಪದೇಶ ಮಾಡಲಿಲ್ಲ. ‘ಯಾವ ಹೊತ್ತಲ್ಲಿ ಜಾಸ್ತಿ ಆಗುತ್ತೆ? ಅದಕ್ಕೆ ಮುಂಚೆ ಏನಾಗಿರುತ್ತೆ?’ ಅಂತ ಕೇಳಿದರು. ಎರಡು ವಾರ ಬರೆದಿಡಿ ಅಂದರು, ಬರೆದೆ. ಕೆಲಸ ಜಾಸ್ತಿ ಆಗಿದ್ದಕ್ಕಲ್ಲ, ವಾರ ಬಿಟ್ಟು ವಾರ ಬರುವ ರಾತ್ರಿ ಆನ್‌ಕಾಲ್‌ಗೆ (ಅಲರ್ಟ್ ಬಂದರೆ ಎದ್ದು ನೋಡಬೇಕಾದ ಪಾಳಿ) ನಾನು ಸೋತಿದ್ದೆ ಅನ್ನೋದು ಆ ಹಾಳೆಯಲ್ಲೇ ಕಾಣಿಸಿತು. ಅದನ್ನೇ ಮ್ಯಾನೇಜರ್ ಮುಂದೆ ಇಟ್ಟೆ. ಒಂದಷ್ಟು ಎಳೆದಾಟ ಆದಮೇಲೆ ಈಗ ಐದು ವಾರಕ್ಕೊಮ್ಮೆ. ಡಾಕ್ಟರ್ ಹತ್ತಿರ ಹೋಗಿ ರಕ್ತವನ್ನೂ ಪರೀಕ್ಷೆ ಮಾಡಿಸಿದೆ. ಥೈರಾಯ್ಡ್ ಸರಿ ಇತ್ತು, ಬಿ12 ಕಡಿಮೆ. ಸುಸ್ತೆಲ್ಲ ಆಫೀಸಿನ ತಲೆಗೇ ಕಟ್ಟುವುದೂ ತಪ್ಪು ನೋಡಿ. ನಾಲ್ಕು ತಿಂಗಳಾಯಿತು. ಪೂರ್ತಿ ಸರಿಹೋಗಿಲ್ಲ, ಆದರೆ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯಲು ಕೈ ಬರುತ್ತೆ.

ಹೋಮ್‌ಸ್ಟೇಗೆ ಮತ್ತೆ ಹೋಗುತ್ತೀರಾ ಅಂದರೆ, ಖಂಡಿತ. ಪ್ಯಾಕೇಜ್ ಬೇಡ, ಬರೀ ರೂಮು ಕೇಳಿ, ದಿನಕ್ಕೆ 2,500. ಕಡುಬು ಬೇಕಿದ್ದರೆ ಹಿಂದಿನ ರಾತ್ರಿಯೇ ಹೇಳಿಡಿ. ಮಳೆಗಾಲದಲ್ಲಿ ಹೋದರೆ ಇಂಬಳಕ್ಕೆ ಉಪ್ಪು ತಗೊಂಡು ಹೋಗಿ, ಅವರು ಕೊಡುವುದು ಚಿಟಿಕೆಯಷ್ಟೇ.