ಮಕ್ಕಳ ಮುಂದೆ ‘ದಿ ಕಿಲ್ಲಿಂಗ್ ಜೋಕ್’ ಹಾಕುವ ಮೊದಲು ಇದನ್ನು ಓದಿ

ಬ್ಯಾಟ್‌ಗರ್ಲ್ ಎಂದರೆ ಜೀವ ಬಿಡುವ ಮಗು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಇತ್ತ ಗಮನ ಕೊಡಿ. 2016ರಲ್ಲಿ ಬಂದ ‘ಬ್ಯಾಟ್‌ಮ್ಯಾನ್: ದಿ ಕಿಲ್ಲಿಂಗ್ ಜೋಕ್’ ಎಂಬ ಆ್ಯನಿಮೇಷನ್ ಚಿತ್ರವನ್ನು, ಮೊದಲು ನೀವೊಬ್ಬರೇ ಕುಳಿತು ಪೂರ್ತಿ ನೋಡದೆ ಮಕ್ಕಳಿಗೆ ತೋರಿಸಬೇಡಿ. ಕಾರ್ಟೂನ್ ತಾನೇ, ಏನಿರುತ್ತದೆ ಎಂದುಕೊಂಡು ನಾನು ಅಕ್ಕನ ಮಗಳಿಗೆ ತೋರಿಸಿದೆ. ಅವಳಿಗೆ ಹನ್ನೆರಡು ವರ್ಷ. ಎರಡು ತಿಂಗಳಾದರೂ ಆ ಸಂಜೆಯನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅವಳ ವಿಷಯ ಸ್ವಲ್ಪ ಹೇಳಬೇಕು. ಬೆನ್ನುಹುರಿಯ ತೊಂದರೆಯಿಂದ ಹುಟ್ಟಿದಾಗಿನಿಂದಲೇ ಅವಳ ಕಾಲುಗಳಿಗೆ ಬಲವಿಲ್ಲ. ಗಾಲಿಕುರ್ಚಿಯಲ್ಲೇ ಓಡಾಟ. ನಾನು ಕಾಲೇಜೊಂದರ ಗ್ರಂಥಪಾಲಕಿ. ಹೋದ ವರ್ಷ ಅವಳ ಹುಟ್ಟುಹಬ್ಬಕ್ಕೆ ‘ಬರ್ಡ್ಸ್ ಆಫ್ ಪ್ರೇ’ ಕಾಮಿಕ್ಸಿನ ಹಳೆಯ ಸಂಪುಟವೊಂದನ್ನು ಓದಿ ನೋಡಿಯೇ ಕೊಟ್ಟಿದ್ದೆ. ಅದರ ನಾಯಕಿ ಬಾರ್ಬರಾ ಗಾರ್ಡನ್, ಅಂದರೆ ಮೊದಲು ಬ್ಯಾಟ್‌ಗರ್ಲ್ ಆಗಿದ್ದವಳು, ನನ್ನ ಹಾಗೆ ಗ್ರಂಥಪಾಲಕಿ, ಅವಳ ಹಾಗೆ ಗಾಲಿಕುರ್ಚಿಯಲ್ಲಿ ಕೂರುವವಳು. ಬ್ಯಾಟ್‌ಮ್ಯಾನ್ ಕಥೆಗಳ ಗಾಥಮ್ ನಗರದ ಗಡಿಯಾರ ಗೋಪುರದಲ್ಲಿ ಕಂಪ್ಯೂಟರುಗಳ ನಡುವೆ ಕುಳಿತು, ಜಗತ್ತಿನ ಮೂಲೆ ಮೂಲೆಯಲ್ಲಿ ಕೆಲಸ ಮಾಡುವವರಿಗೆ ದಾರಿ ತೋರಿಸುವವಳು. ಅಲ್ಲಿ ಅವಳ ಹೆಸರು ಒರಾಕಲ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಕಣಿ ಹೇಳುವವಳು. ಪರದೆಯ ಮೇಲೆ ಎಲ್ಲರಿಗೂ ಕಾಣುವುದು ಅವಳ ಗುರುತಾದ ಹಸಿರು ಮುಖವೊಂದೇ. ನಮ್ಮ ಹುಡುಗಿ ಆ ಮುಖವನ್ನು ತನ್ನ ಕುರ್ಚಿಯ ಬೆನ್ನಿಗೆ ಹಸಿರು ಮಾರ್ಕರಿನಲ್ಲಿ ಬರೆದುಕೊಂಡಳು. ಶಾಲೆಯಲ್ಲಿ ಯಾರಾದರೂ ಕೇಳಿದರೆ, ಕಾಲು ಹೋಗಿದ್ದರಿಂದ ಅವಳು ದೊಡ್ಡವಳಾಗಲಿಲ್ಲ, ಎಲ್ಲರಿಗಿಂತ ಹೆಚ್ಚು ಓದಿಕೊಂಡಿದ್ದರಿಂದ ದೊಡ್ಡವಳಾದಳು ಎಂದು ವಿವರಿಸುತ್ತಾಳಂತೆ. ಅಕ್ಕ ಹೇಳಿದ್ದು.

ಹೊರದೇಶದಿಂದ ಬಂದ ಬಂಧುವೊಬ್ಬರು ಪ್ರೀತಿಯಿಂದ ತಂದುಕೊಟ್ಟ ಡಿಸ್ಕ್ ಅದು. ಕಥೆಯ ಎಳೆ ನನಗೆ ಗೊತ್ತಿತ್ತು. 1988ರಲ್ಲಿ ಆಲನ್ ಮೂರ್ ಬರೆದು ಬ್ರಯಾನ್ ಬೊಲ್ಲಂಡ್ ಚಿತ್ರ ಬಿಡಿಸಿದ ಪುಟ್ಟ ಪುಸ್ತಕ. ಯಾರೋ ಬಾಗಿಲು ಬಡಿಯುತ್ತಾರೆ, ಗೆಳತಿ ಬಂದಳೆಂದು ಬಾರ್ಬರಾ ತೆರೆಯುತ್ತಾಳೆ, ಎದುರಿಗೆ ಹೂವಿನ ಅಂಗಿ ತೊಟ್ಟು ಕ್ಯಾಮೆರಾ ನೇತುಹಾಕಿಕೊಂಡ ಜೋಕರ್, ಬ್ಯಾಟ್‌ಮ್ಯಾನ್‌ನ ಕಡುವೈರಿ. ಒಂದೇ ಗುಂಡು. ಅವಳ ಬೆನ್ನುಹುರಿ ಛಿದ್ರವಾಗುತ್ತದೆ. ನಮ್ಮ ಹುಡುಗಿಗೂ ಇದಿಷ್ಟು ಗೊತ್ತಿತ್ತು, ಏಕೆಂದರೆ ಒರಾಕಲ್ ಕಥೆ ಹುಟ್ಟುವುದೇ ಅಲ್ಲಿಂದ. ‘ಗುಂಡು ಬೀಳುವುದು ನನಗೆ ಗೊತ್ತು ಚಿಕ್ಕಮ್ಮ, ಆಮೇಲೆ ಅವಳು ಒರಾಕಲ್ ಆಗುತ್ತಾಳಲ್ಲ, ಅದನ್ನು ನೋಡಬೇಕು’ ಎಂದು ಅವಳೇ ಹಟ ಹಿಡಿದಳು. ಡಿಸ್ಕಿನ ಹಿಂಬದಿಯ ಮೂಲೆಯಲ್ಲಿ ಚೌಕದೊಳಗೆ ‘ಆರ್’ ಎಂಬ ಅಕ್ಷರವಿತ್ತು. ಅಮೆರಿಕದಲ್ಲಿ ಅದರ ಅರ್ಥ, ಹದಿನೇಳು ತುಂಬದವರು ಹಿರಿಯರ ಜೊತೆಯಿಲ್ಲದೆ ಚಿತ್ರಮಂದಿರದಲ್ಲಿ ನೋಡುವಂತಿಲ್ಲ ಎಂದು. ನಾನು ಆ ಅಕ್ಷರವನ್ನು ನೋಡಿದ್ದು ಮರುದಿನ.

ಪುಸ್ತಕದಲ್ಲಿ ಬ್ಯಾಟ್‌ಗರ್ಲ್ ವೇಷದ ಸಾಹಸವೇ ಇಲ್ಲ, ಬಾರ್ಬರಾಗೆ ಸಿಗುವುದೇ ಕೆಲವು ಪುಟ. ಚಿತ್ರಕ್ಕೆ ಆ ಪುಸ್ತಕದ ಉದ್ದ ಸಾಲದೆಂದು, ಅವಳ ಪಾತ್ರಕ್ಕೂ ತೂಕ ಬರಲೆಂದು ಮೊದಲ ಅರ್ಧ ಗಂಟೆಯಷ್ಟು ಹೊಸ ಕಥೆ ಸೇರಿಸಿದ್ದಾರೆ. ತೂಕ ಬಂದದ್ದು ಹೇಗೆ ಕೇಳಿ. ಅವಳ ಮೇಲೆ ಕಣ್ಣಿಟ್ಟ ಪುಂಡ ಪಾತಕಿಯೊಬ್ಬನ ಬೆನ್ನು ಹತ್ತುತ್ತಾಳೆ. ಅವನು ಅವಳನ್ನು ಆಡಿಸುತ್ತಾನೆ. ಇದರಿಂದ ದೂರವಿರು ಎಂದು ಬ್ಯಾಟ್‌ಮ್ಯಾನ್ ಗದರುತ್ತಾನೆ. ಮಹಡಿಯ ಮೇಲೆ ಇಬ್ಬರಿಗೂ ಜಗಳ, ಕೈ ಕೈ ಮಿಲಾಯಿಸುತ್ತದೆ, ಜಗಳ ಅಪ್ಪುಗೆಗೆ ತಿರುಗುತ್ತದೆ, ಅವಳು ಮೇಲಂಗಿ ಕಳಚುತ್ತಾಳೆ, ಕ್ಯಾಮೆರಾ ಕಟ್ಟಡದ ಕಲ್ಲಿನ ಮೂರ್ತಿಯತ್ತ ಹೊರಳುತ್ತದೆ.

ನಾನು ರಿಮೋಟಿಗಾಗಿ ಸೋಫಾದ ಸಂದಿಯಲ್ಲಿ ತಡಕಾಡುತ್ತಿದ್ದೆ. ಸಿಗುವಷ್ಟರಲ್ಲಿ ದೃಶ್ಯ ಮುಗಿದಿತ್ತು. ಹುಡುಗಿ ನನ್ನ ಮುಖ ನೋಡದೆ ಕೇಳಿದಳು: ‘ಅವನು ಅವಳಿಗೆ ಮೇಷ್ಟ್ರ ಹಾಗಲ್ಲವೇ ಚಿಕ್ಕಮ್ಮ? ಅವಳ ಅಪ್ಪನ ಗೆಳೆಯನಲ್ಲವೇ?’

ಹೌದು. ಅವಳ ಅಪ್ಪ ಗಾಥಮ್‌ನ ಪೊಲೀಸ್ ಕಮಿಷನರ್, ಬ್ಯಾಟ್‌ಮ್ಯಾನ್ ಅವನ ಜೊತೆ ವರ್ಷಗಳಿಂದ ಕೆಲಸ ಮಾಡಿದವನು. ಹನ್ನೆರಡರ ಮಗುವಿಗೆ ತಟ್ಟನೆ ಹೊಳೆದದ್ದು ಚಿತ್ರ ಮಾಡಿದ ದೊಡ್ಡವರಿಗೆ ಏಕೆ ಹೊಳೆಯಲಿಲ್ಲ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಆಮೇಲೆ ಬಾರ್ಬರಾ ಗ್ರಂಥಾಲಯದಲ್ಲಿ ಕುಳಿತು ಅವನ ವಿಷಯವನ್ನೇ ಸಹೋದ್ಯೋಗಿಯ ಬಳಿ ತೋಡಿಕೊಳ್ಳುತ್ತಾಳೆ. ಕೊನೆಗೆ ಸಿಟ್ಟಿನಲ್ಲಿ ಆ ಪಾತಕಿಯನ್ನು ಸಾಯುವಷ್ಟು ಬಡಿದು, ಬ್ಯಾಟ್‌ಗರ್ಲ್ ವೇಷವನ್ನೇ ಬಿಟ್ಟುಬಿಡುತ್ತಾಳೆ. ಅಂದರೆ ಗುಂಡು ಬೀಳುವ ಮೊದಲೇ ಅವಳ ಕೆಲಸವನ್ನು ಅವಳಿಂದ ಕಿತ್ತುಕೊಂಡಾಗಿತ್ತು.

ಆ ಹೊತ್ತಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ಇದು ನಾನು ಮಾಡಿದ ಎರಡನೆಯ ತಪ್ಪು. ಒರಾಕಲ್ ಬರುವವರೆಗೆ ನೋಡೋಣ ಎಂದು ಅವಳು ಬೇಡಿಕೊಂಡಳು, ನಾನೂ ಮುಂದೆ ಒಳ್ಳೆಯದು ಬಂದರೆ ಇದೆಲ್ಲ ಮರೆತುಹೋದೀತು ಎಂದುಕೊಂಡೆ. ಬಾಗಿಲು ಬಡಿದ ಸದ್ದಿಗೆ ಅವಳ ಕೈ ಕುರ್ಚಿಯ ಗಾಲಿಯನ್ನು ಬಿಗಿಯಾಗಿ ಹಿಡಿಯಿತು. ಗುಂಡಿನ ನಂತರ ಜೋಕರ್ ನೆಲದ ಮೇಲೆ ಬಿದ್ದವಳ ಬಟ್ಟೆ ಬಿಚ್ಚಿ ಚಿತ್ರ ತೆಗೆಯುತ್ತಾನೆ. ಆ ಚಿತ್ರಗಳನ್ನು ಅವಳ ತಂದೆಗೆ ತೋರಿಸಿ ಅವನ ತಲೆ ಕೆಡಿಸಲು ನೋಡುತ್ತಾನೆ. ಪುಸ್ತಕದ ಪುಟದಲ್ಲೂ ಇದು ಕ್ರೂರವೇ. ದೊಡ್ಡ ಪರದೆಯಲ್ಲಿ, ಬೆನ್ನುಹುರಿಯ ಮಾತು ಎತ್ತಿದರೆ ತನ್ನ ಬೆನ್ನನ್ನೇ ನೆನೆಯುವ ಮಗುವಿನ ಎದುರು, ಅದು ಹೇಗಿತ್ತೆಂದು ನಾನು ವಿವರಿಸಲಾರೆ. ಟಿವಿ ಆರಿಸಿದೆ. ಅವಳು ಅಳಲಿಲ್ಲ. ಊಟದ ಹೊತ್ತಿಗೆ, ಅನ್ನ ಕಲಸುತ್ತಾ, ‘ಚಿತ್ರ ಮಾಡಿದವರಿಗೆ ಮುಂದಿನ ಪುಸ್ತಕ ಸಿಗಲಿಲ್ಲವೇ?’ ಎಂದು ಕೇಳಿದಳು.

ಆ ರಾತ್ರಿ ಉಳಿದದ್ದನ್ನು ನಾನೊಬ್ಬಳೇ ನೋಡಿದೆ. ಆಸ್ಪತ್ರೆಯ ಹಾಸಿಗೆಯ ಒಂದು ದೃಶ್ಯ ಬಿಟ್ಟರೆ ಬಾರ್ಬರಾ ಮತ್ತೆ ಬರುವುದಿಲ್ಲ. ಕಥೆಯೆಲ್ಲ ಬ್ಯಾಟ್‌ಮ್ಯಾನ್ ಮತ್ತು ಜೋಕರ್‌ನದು. ಚಿತ್ರ ಮುಗಿದು ಹೆಸರುಗಳು ಹರಿಯತೊಡಗಿದ ಮೇಲೆ ಒಂದು ತುಣುಕಿದೆ: ಗಾಲಿಕುರ್ಚಿ, ಗೋಡೆ ತುಂಬ ಪರದೆಗಳು, ಕೆಲಸಕ್ಕೆ ಮರಳುವ ಬಾರ್ಬರಾ. ನಮ್ಮ ಹುಡುಗಿ ಒಂದೂಕಾಲು ಗಂಟೆ ಕಾದು ನೋಡಬೇಕೆಂದಿದ್ದದ್ದು ಅಷ್ಟೇ, ಅದೂ ಕ್ಷಣಕಾಲ.

ಈ ಕೋಪಕ್ಕೆ ಕಾರಣವಿದೆ. ಬಾರ್ಬರಾ ಗಾರ್ಡನ್ ಹುಟ್ಟಿದ್ದೇ ಕೆಲಸದ ಹೆಣ್ಣಾಗಿ. 1967ರ ಆರಂಭದಲ್ಲಿ ‘ಡಿಟೆಕ್ಟಿವ್ ಕಾಮಿಕ್ಸ್’ನ 359ನೆಯ ಸಂಚಿಕೆಯಲ್ಲಿ ಗಾರ್ಡನರ್ ಫಾಕ್ಸ್ ಮತ್ತು ಕಾರ್ಮೈನ್ ಇನ್‌ಫ್ಯಾಂಟಿನೊ ಅವಳನ್ನು ತಂದರು. ಪೊಲೀಸರ ವೇಷದ ಕೂಟಕ್ಕೆಂದು ಬಾವಲಿ ಉಡುಪು ಹೊಲಿದುಕೊಂಡು ಹೊರಟವಳು, ದಾರಿಯಲ್ಲಿ ಒಬ್ಬನ ಮೇಲೆ ನಡೆಯುತ್ತಿದ್ದ ದಾಳಿಯನ್ನು ಕಂಡು ಸುಮ್ಮನಿರಲಾರದೆ ನುಗ್ಗಿದಳು. ಯಾರೂ ಅವಳನ್ನು ಕರೆದಿರಲಿಲ್ಲ, ಯಾರ ಅಪ್ಪಣೆಯನ್ನೂ ಅವಳು ಕೇಳಲಿಲ್ಲ. ಅದೇ ವರ್ಷ ದೂರದರ್ಶನ ಸರಣಿಯಲ್ಲಿ ಇವೊನ್ ಕ್ರೇಗ್ ಎಂಬ ಬ್ಯಾಲೆ ನರ್ತಕಿ ಅವಳ ಪಾತ್ರ ಮಾಡಿದರು, ನೇರಳೆ ಮೋಟಾರುಬೈಕಿನ ಮೇಲೆ. 1970ರ ದಶಕದಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯ ಜಾಹೀರಾತೊಂದಕ್ಕೆ ಅವರೇ ಮತ್ತೆ ಆ ಉಡುಪು ತೊಟ್ಟರು: ಬಾಂಬಿನ ಪಕ್ಕ ಕಟ್ಟಿಹಾಕಿದ ಬ್ಯಾಟ್‌ಮ್ಯಾನ್ ಮತ್ತು ರಾಬಿನ್ ಬಿಡಿಸು ಎನ್ನುತ್ತಿದ್ದರೆ, ರಾಬಿನ್‌ನಷ್ಟೇ ಕೆಲಸ ಮಾಡುವ ನನಗೆ ಸಂಬಳವೇಕೆ ಕಡಿಮೆ ಎಂದು ಕೇಳುತ್ತಾಳೆ ಬ್ಯಾಟ್‌ಗರ್ಲ್. ಇಂಥವಳು ಅವಳು.

ಗುಂಡೇಟಿನ ನಂತರ ಅವಳ ಕಥೆ ಮುಗಿಯಿತೆಂದು ಕೈಬಿಟ್ಟವರ ನಡುವೆ ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್ ದಂಪತಿ ಅವಳನ್ನು ಎತ್ತಿಕೊಂಡರು. 1989ರಲ್ಲಿ ‘ಸುಯಿಸೈಡ್ ಸ್ಕ್ವಾಡ್’ ಕಾಮಿಕ್ಸಿನಲ್ಲಿ ಒರಾಕಲ್ ಎಂಬ ಹೆಸರು ಮೊದಲು ಕಾಣಿಸಿತು. ಅವಳು ಯಾರೆಂದು ಓದುಗರಿಗೆ ತಿಳಿದದ್ದು ಆಮೇಲೆ. ಇದೇ ದಂಪತಿ 1996ರಲ್ಲಿ ಬರೆದ ಕಥೆಯೊಂದರಲ್ಲಿ ಅವಳು ಹತಾಶೆಯಿಂದ ಎದ್ದು ಬರುವ ಬಗೆ ಇದೆ, ಗಾಲಿಕುರ್ಚಿಯಲ್ಲೇ ಕುಳಿತು ಎರಡು ಕೋಲು ಹಿಡಿದು ಹೊಡೆದಾಡುವುದನ್ನು ಗುರುವೊಬ್ಬನಿಂದ ಕಲಿಯುವುದಿದೆ. 2011ರಲ್ಲಿ ಅವಳನ್ನು ಮತ್ತೆ ನಡೆಸಿ ಬ್ಯಾಟ್‌ಗರ್ಲ್ ಮಾಡುವವರೆಗೆ ಇಪ್ಪತ್ತೆರಡು ವರ್ಷ ಅವಳು ಒರಾಕಲ್ ಆಗಿಯೇ ದುಡಿದಳು. ಚಿತ್ರದವರಿಗೆ ಈ ಇಪ್ಪತ್ತೆರಡು ವರ್ಷ ಬೇಡ, ಆ ಬಾಗಿಲ ಬಳಿಯ ಒಂದು ಕ್ಷಣ ಬೇಕು.

ಪರದೆಯ ಮೇಲೆ ಅವಳಿಗೆ ಆಗುತ್ತ ಬಂದದ್ದು ಇದೇ. 1997ರ ‘ಬ್ಯಾಟ್‌ಮ್ಯಾನ್ ಆ್ಯಂಡ್ ರಾಬಿನ್’ ಚಿತ್ರದಲ್ಲಿ ಅಲಿಸಿಯಾ ಸಿಲ್ವರ್‌ಸ್ಟೋನ್ ಮಾಡಿದ ಬ್ಯಾಟ್‌ಗರ್ಲ್ ಕಮಿಷನರ್ ಗಾರ್ಡನ್‌ನ ಮಗಳೇ ಅಲ್ಲ, ಬ್ಯಾಟ್‌ಮ್ಯಾನ್‌ನ ಮನೆಯಾಳು ಆಲ್‌ಫ್ರೆಡ್‌ನ ಸೋದರಿಯ ಕಡೆಯ ಹುಡುಗಿ. ಗ್ರಂಥಾಲಯವೂ ಇಲ್ಲ, ಅಪ್ಪನೂ ಇಲ್ಲ. ಆ ನಟಿಯ ಮೈತೂಕವನ್ನು ಪತ್ರಿಕೆಗಳು ಆಡಿಕೊಂಡದ್ದು ಬೇರೆ. 2002ರಲ್ಲಿ ‘ಬರ್ಡ್ಸ್ ಆಫ್ ಪ್ರೇ’ ದೂರದರ್ಶನ ಸರಣಿ ಬಂತು, ಡೀನಾ ಮೇಯರ್ ಗಾಲಿಕುರ್ಚಿಯ ಒರಾಕಲ್ ಆದರು, ಹದಿಮೂರೇ ಕಂತಿಗೆ ನಿಂತುಹೋಯಿತು.

ಹೆಸರಿಗೆ ಮೋಸ ಹೋಗಬೇಡಿ ಎಂದು ಒತ್ತಿ ಹೇಳುವುದು 2020ರ ‘ಬರ್ಡ್ಸ್ ಆಫ್ ಪ್ರೇ’ ಚಿತ್ರದ ಬಗ್ಗೆ. ಒರಾಕಲ್ ಕಟ್ಟಿದ ತಂಡದ ಹೆಸರನ್ನು ಹೊತ್ತ ಆ ಚಿತ್ರದಲ್ಲಿ ಒರಾಕಲ್ ಇಲ್ಲ. ಕಥೆ ಜೋಕರ್‌ನ ಹಳೆಯ ಗೆಳತಿ ಹಾರ್ಲಿ ಕ್ವಿನ್‌ಳದು, ಅದಕ್ಕೂ ಅಮೆರಿಕದಲ್ಲಿ ‘ಆರ್’ ಗುರುತು. ಕಾಮಿಕ್ಸಿನಲ್ಲಿ ಬಾರ್ಬರಾಳ ನಂತರ ಬ್ಯಾಟ್‌ಗರ್ಲ್ ಆದ ಕಸ್ಸಾಂಡ್ರಾ ಕೇನ್ ಅದರಲ್ಲಿದ್ದಾಳೆ. ಆದರೆ ಮಾತಿಗಿಂತ ಮೈಚಲನೆಯಲ್ಲೇ ಎಲ್ಲವನ್ನೂ ಓದಬಲ್ಲ ಆ ಯೋಧೆಯನ್ನು ಜೇಬುಗಳ್ಳಿಯಾಗಿಸಿದ್ದಾರೆ.

ಲೆಸ್ಲಿ ಗ್ರೇಸ್ ನಟಿಸಿದ ‘ಬ್ಯಾಟ್‌ಗರ್ಲ್’ ಚಿತ್ರ ಯಾವಾಗ ಬರುತ್ತದೆ ಎಂದು ನಿಮ್ಮ ಮಗು ಕೇಳುತ್ತಿದ್ದರೆ, ಬರುವುದಿಲ್ಲ ಎಂದು ಹೇಳಿಬಿಡಿ. ಚಿತ್ರೀಕರಣವೆಲ್ಲ ಮುಗಿದ ಮೇಲೆ 2022ರ ಆಗಸ್ಟ್‌ನಲ್ಲಿ ಅದನ್ನು ಬಿಡುಗಡೆ ಮಾಡದೆ ಮೂಲೆಗಿಟ್ಟರು.

ಹಾಗಾದರೆ ಏನು ತೋರಿಸುವುದು? ನಾನು ಈಗ ಒಂದೊಂದಾಗಿ ನೋಡುತ್ತಿದ್ದೇನೆ. 1992ರಲ್ಲಿ ಶುರುವಾದ ‘ಬ್ಯಾಟ್‌ಮ್ಯಾನ್: ದಿ ಆ್ಯನಿಮೇಟೆಡ್ ಸೀರೀಸ್’ನಲ್ಲಿ ‘ಶ್ಯಾಡೋ ಆಫ್ ದಿ ಬ್ಯಾಟ್’ ಎಂಬ ಎರಡು ಕಂತಿನ ಕಥೆ ಇದೆ. ಲಂಚದ ಸುಳ್ಳು ಆರೋಪದಲ್ಲಿ ಜೈಲಿಗೆ ಹೋದ ಅಪ್ಪನಿಗಾಗಿ ಬಾರ್ಬರಾ ಸಭೆಯೊಂದನ್ನು ಕೂಡಿಸುತ್ತಾಳೆ. ಬ್ಯಾಟ್‌ಮ್ಯಾನ್ ಬರಲಾರೆ ಎಂದಾಗ ಅವನ ವೇಷವನ್ನು ತಾನೇ ಹಾಕಿಕೊಂಡು ಸೂರಿನ ಮೇಲೆ ನಿಲ್ಲುತ್ತಾಳೆ. ಇಷ್ಟು ಚೆನ್ನಾಗಿ ಅವಳನ್ನು ಪರದೆಗೆ ತಂದದ್ದು ಅಪರೂಪ. ಆದರೆ ಅದೇ ತಂಡದವರ 1999ರ ‘ಬ್ಯಾಟ್‌ಮ್ಯಾನ್ ಬಿಯಾಂಡ್’ನಲ್ಲಿ ಅವಳಿಗೂ ಬ್ಯಾಟ್‌ಮ್ಯಾನ್‌ಗೂ ಹಿಂದೊಮ್ಮೆ ಪ್ರೇಮವಿತ್ತೆಂಬ ಸುಳಿವು ಇರುವುದರಿಂದ ಅದನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಚಿಕ್ಕ ಮಕ್ಕಳಿಗೆ 2017ರ ‘ದಿ ಲೆಗೊ ಬ್ಯಾಟ್‌ಮ್ಯಾನ್ ಮೂವಿ’ ಧಾರಾಳವಾಗಿ ತೋರಿಸಬಹುದು, ಅದರಲ್ಲಿ ಬಾರ್ಬರಾ ಅಪ್ಪನ ನಂತರ ಪೊಲೀಸ್ ಕಮಿಷನರ್. ‘ಟೈಟನ್ಸ್’ ಸರಣಿಯ ಮೂರನೆಯ ಭಾಗದಲ್ಲೂ ಅವಳು ಕಮಿಷನರ್ ಆಗಿದ್ದಾಳೆ. ಆ ಪಾತ್ರ ಮಾಡಿದ ಸವಾನಾ ವೆಲ್ಚ್ ನಿಜಜೀವನದಲ್ಲೂ ಅಪಘಾತದಿಂದ ಕಾಲು ಕಳೆದುಕೊಂಡವರು, ಗಾಲಿಕುರ್ಚಿಯಲ್ಲಿ ಕುಳಿತು ಅವರು ಕೊಡುವ ಆಜ್ಞೆಗಳನ್ನು ನಮ್ಮ ಹುಡುಗಿ ನೋಡಬೇಕೆಂದು ನನಗೆ ಆಸೆ. ಆದರೆ ಸರಣಿ ತುಂಬ ರಕ್ತ. ಇನ್ನೂ ನಾಲ್ಕೈದು ವರ್ಷ ಬೇಡ.

ನಮ್ಮಲ್ಲಿ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ 2021ರಿಂದ ‘ಯು’, ‘ಯು/ಎ 7+’, ‘13+’, ‘16+’, ‘ಎ’ ಎಂಬ ಗುರುತುಗಳನ್ನು ತೋರಿಸಲೇಬೇಕೆಂಬ ನಿಯಮವಿದೆ. ಚಿತ್ರ ಶುರುವಾಗುವಾಗ ಮೂಲೆಯಲ್ಲಿ ಬಂದು ಹೋಗುವ ಆ ಅಕ್ಷರವನ್ನು ಚಿತ್ರ ಹಾಕುವ ಮೊದಲೇ ಹುಡುಕಿ ನೋಡಿ. ಡಿಸ್ಕ್ ಆದರೆ ಹಿಂಬದಿ ತಿರುಗಿಸಿ. ಕಾರ್ಟೂನ್ ಗೊಂಬೆಗಳ ಜೊತೆ ಸಾಲಾಗಿ ಜೋಡಿಸಿಟ್ಟ ಮಾತ್ರಕ್ಕೆ ಮಕ್ಕಳದ್ದು ಎಂದು ತಿಳಿಯಬೇಡಿ.

ಕುರ್ಚಿಯ ಬೆನ್ನಿನ ಹಸಿರು ಮುಖ ಹಾಗೇ ಇದೆ, ಸ್ವಲ್ಪ ಮಾಸಿದೆ. ಈ ವಾರದಿಂದ 1992ರ ಸರಣಿ ಹಚ್ಚಿದ್ದೇವೆ. ರಾತ್ರಿ ಅವಳು ಮಲಗಿದ ಮೇಲೆ ನಾನು ಒಂದು ಕಂತು ನೋಡುತ್ತೇನೆ, ಮರುದಿನ ಸಂಜೆ ಅದನ್ನೇ ಅವಳ ಜೊತೆ ಕುಳಿತು ಮತ್ತೊಮ್ಮೆ ನೋಡುತ್ತೇನೆ. ರಿಮೋಟ್ ಕೈಯಲ್ಲೇ ಇರುತ್ತದೆ.